ಭಾರ ಎತ್ತುವಾಗ ಬಾಗಬೇಕಾದದ್ದು ಸೊಂಟದ ಕೀಲು, ಬೆನ್ನಲ್ಲ

ಭಾರ ಎತ್ತುವುದನ್ನು ಕಲಿಯಲು ಬಂದವರ ಕೈಗೆ ನಾನು ಮೊದಲು ಕೊಡುವುದು ಬಾರ್ (ತುದಿಗಳಿಗೆ ತೂಕದ ಪ್ಲೇಟ್ ಸಿಕ್ಕಿಸುವ ಸರಳು) ಅಲ್ಲ, ಒಂದು ಉದ್ದನೆಯ ಕೋಲು. ಅದನ್ನು ಬೆನ್ನಿಗೆ ಆನಿಸಿ ನೆಟ್ಟಗೆ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ, ಮೂರೂ ಕಡೆ ಕೋಲು ತಾಗಿರಬೇಕು. ಕೆಳಬೆನ್ನಿನ ಬಳಿ ಅಂಗೈ ತೂರುವಷ್ಟು ಜಾಗವಿರಬೇಕು. ಮೊಣಕಾಲನ್ನು ತುಸು ಮಡಚಿ, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತಾ ಬಾಗಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟುಕೊಂಡಿತೇ? ಇವತ್ತಿಗೆ ನಿಮ್ಮ ಮಿತಿ ಅಷ್ಟೇ. ಬಾರ್ ಅದಕ್ಕಿಂತ ಕೆಳಗಿದ್ದರೆ ಅದನ್ನು ಹಲಗೆಗಳ ಮೇಲೆ ಏರಿಸಿಡಿ.

ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವುದೇ ಡಿಸ್ಕ್. ಅದರ ನಡುವೆ ನೀರಿನಂಶ ತುಂಬಿದ ಮೆತ್ತನೆಯ ತಿರುಳು, ಸುತ್ತಲೂ ಪದರ ಪದರವಾದ ನಾರಿನ ಉಂಗುರ. ಬೆನ್ನು ಗೂನಾದಾಗ ತಿರುಳು ಹಿಂದಕ್ಕೆ, ನರಗಳಿರುವ ಕಡೆಗೆ ಒತ್ತುತ್ತದೆ. ಭಾರವೂ ತಿರುಚುವಿಕೆಯೂ ಜೊತೆಗೂಡಿದರೆ ನಾರು ಹರಿಯಬಹುದು. ಡಿಸ್ಕ್‌ನೊಳಗೇ ಒತ್ತಡಮಾಪಕ ಇಟ್ಟು ಅಳೆದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಸುಮ್ಮನೆ ನಿಂತಾಗ 0.5 ಮೆಗಾಪ್ಯಾಸ್ಕಲ್ ಇದ್ದ ಒತ್ತಡ, ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3ಕ್ಕೆ ಏರಿತ್ತು. ಅದೇ ತೂಕವನ್ನು ಮೈಗೆ ಅವಚಿ ಹಿಡಿದಾಗ 1.1, ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8. ಆದ್ದರಿಂದ ಬಾರ್ ಮೊಣಕಾಲ ಕೆಳಗಿನ ಮೂಳೆಯನ್ನು ಸವರಿಕೊಂಡೇ ಮೇಲೇರಲಿ.

ಎತ್ತುವ ಮುನ್ನ ಹೊಟ್ಟೆ ತುಂಬ ಉಸಿರೆಳೆದು, ಗುದ್ದು ಬೀಳಲಿದೆ ಎನ್ನುವಂತೆ ಸುತ್ತಲೂ ಬಿಗಿಮಾಡಿ. ನೆಟ್ಟಗೆ ನಿಂತ ಮೇಲೆ ಉಸಿರು ಬಿಡಿ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಹೀಗೆ ಉಸಿರು ಕಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು. ಬೆಲ್ಟ್ ಕಟ್ಟಿದರೂ ಗೂನು ಬೆನ್ನು ಗೂನೇ.

ಎದ್ದ ತಕ್ಷಣ ಭಾರ ಎತ್ತಬೇಡಿ. ರಾತ್ರಿಯಿಡೀ ನೀರು ಹೀರಿ ಉಬ್ಬಿರುವ ಡಿಸ್ಕ್‌ಗೆ ಬಾಗುವಿಕೆ ಹೆಚ್ಚು ಪೆಟ್ಟು ಕೊಡುತ್ತದೆ. ಕನಿಷ್ಠ ಒಂದು ಗಂಟೆ ಓಡಾಡಿಕೊಂಡಿರಿ.

ನನಗೆ ನಿಜವಾಗಿ ಆತಂಕವಾಗುವುದು ಅಭ್ಯಾಸ ಮುಗಿದ ನಂತರ. ದೊಡ್ಡ ತೂಕವನ್ನು ಅಚ್ಚುಕಟ್ಟಾಗಿ ಎತ್ತಿದವರೇ, ದಣಿದ ಮೈಯಲ್ಲಿ ಪ್ಲೇಟ್ ತೆಗೆಯುವಾಗ ಬೆನ್ನು ಬಗ್ಗಿಸಿ ಪಕ್ಕಕ್ಕೆ ತಿರುಚುತ್ತಾರೆ. ಪ್ಲೇಟನ್ನೂ ಬಾರ್‌ನಷ್ಟೇ ಗೌರವದಿಂದ ಎತ್ತಿ. ತಿರುಗುವಾಗ ಪಾದಗಳನ್ನೇ ತಿರುಗಿಸಿ. ಹಾಗೆಯೇ, ಸುಸ್ತಾಗಿ ಬೆನ್ನು ಗೂನಾಗತೊಡಗಿದರೆ ಎಣಿಕೆ ಬಾಕಿಯಿದ್ದರೂ ನಿಲ್ಲಿಸಿ. ಡಿಸ್ಕ್‌ಗೆ ರಕ್ತ ಪೂರೈಕೆ ಅತ್ಯಲ್ಪ, ಸ್ನಾಯುವಿನಷ್ಟು ಬೇಗ ಅದು ಚೇತರಿಸಿಕೊಳ್ಳುವುದಿಲ್ಲ.

ನೋವು ಕಾಲಿಗಿಳಿದರೆ, ಪಾದ ಜೋಮು ಹಿಡಿದರೆ ಭಾರ ಬಿಟ್ಟು ವೈದ್ಯರನ್ನು ಕಾಣಿ. ತೊಡೆಸಂದಿನಲ್ಲಿ ಸ್ಪರ್ಶಜ್ಞಾನ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.