ಸೊಂಟದ ಮೇಲೆ ಕೆಂಪು ಬೊಟ್ಟು: ಸಾರ್ಟಿಂಗ್ ಆಫೀಸಿನಲ್ಲಿ ನನ್ನ ಅನುಭವ

ಮೊದಲು ನಾನು ಮಾಡಿದ್ದು ಎಲ್ಲ ಸೂಪರ್‌ವೈಸರುಗಳೂ ಮಾಡುವ ಕೆಲಸವನ್ನೇ. ಒಂದು ರಟ್ಟಿನ ಡಬ್ಬಕ್ಕೆ ಬಾಯಿ ಕೊರೆದು, 'ಸಲಹೆ ಪೆಟ್ಟಿಗೆ' ಅಂತ ಬರೆದು, ಹಾಜರಿ ಪುಸ್ತಕದ ಪಕ್ಕ ಇಟ್ಟೆ. ಮೈಕೈ ನೋವು ಕಡಿಮೆಯಾಗಲು ಐಡಿಯಾ ಕೊಡಿ ಅಂತ ಕೆಳಗೊಂದು ಸಾಲು. ತಿಂಗಳಾದ ಮೇಲೆ ತೆಗೆದು ನೋಡಿದರೆ ಎರಡು ಬಸ್ ಟಿಕೆಟ್, ಒಂದು ರಜೆ ಅರ್ಜಿ, 'ಮೂರನೇ ಫ್ಯಾನ್ ತಿರುಗಲ್ಲ' ಅನ್ನುವ ಒಂದು ಚೀಟಿ. ಫ್ಯಾನ್ ರಿಪೇರಿ ಮಾಡಿಸಿದೆ. ಡಬ್ಬ ಗುಜರಿಗೆ ಹೋಯಿತು.

ನಮ್ಮದು ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡ ಆರ್‌ಎಂಎಸ್ ಆಫೀಸು, ಅಂದರೆ ಅಂಚೆ ಇಲಾಖೆಯ ರೈಲ್ವೆ ಮೇಲ್ ಸರ್ವಿಸ್. ಊರಿನ ಹೆಸರು ಬೇಡ ಬಿಡಿ. ಆಗ ರಾತ್ರಿ ಸೆಟ್, ಅಂದರೆ ರಾತ್ರಿ ಪಾಳಿ, ನನ್ನ ಕೈಯಲ್ಲಿತ್ತು. ಟಪಾಲು ಬ್ಯಾಗುಗಳು ಪ್ಲಾಟ್‌ಫಾರ್ಮಿನಿಂದ ಒಳಗೆ ಬರುತ್ತವೆ. ಬಿಚ್ಚುತ್ತೇವೆ, ಸಾರ್ಟ್ ಮಾಡುತ್ತೇವೆ, ಮತ್ತೆ ಬ್ಯಾಗಿಗೆ ತುಂಬಿ, ಸೀಲ್ ಹಾಕಿ, ಮುಂದಿನ ಗಾಡಿಗೆ ಕಳಿಸುತ್ತೇವೆ. ಬ್ಯಾಗ್ ಎತ್ತುವವರಿಗೆ ಕಾಗದದ ಮೇಲೆ ಈಗ ಎಂಟಿಎಸ್ (ಮಲ್ಟಿ ಟಾಸ್ಕಿಂಗ್ ಸ್ಟಾಫ್) ಅಂತ ಹೆಸರು. ನಮ್ಮ ಬಾಯಲ್ಲಿ ಇನ್ನೂ ಮೇಲ್‌ಮ್ಯಾನೇ. ರಾತ್ರಿ ಎರಡು ಗಂಟೆಗೆ ಸಾರ್ಟಿಂಗ್ ಹಾಲ್ ಒಳಗೆ ಕಾಲಿಟ್ಟರೆ ಗೋಣಿ, ಧೂಳಿನ ವಾಸನೆಗಿಂತ ನೋವಿನ ಬಾಮಿನ ವಾಸನೆಯೇ ಜಾಸ್ತಿ. ಅದು ನಮಗೆಲ್ಲ ರೂಢಿಯಾಗಿತ್ತು. ಒಂದು ರಾತ್ರಿ ಬ್ಯಾಗ್ ಎಳೆಯಲು ನಾನೂ ಕೈ ಹಾಕಿ, ಸೊಂಟ ಹಿಡಿದು, ಅರ್ಧ ಗಂಟೆ ನೆಟ್ಟಗಾಗಲಾರದೆ ಕುಳಿತೆ. ರೂಢಿ ಅನ್ನುವುದು ಅವತ್ತು ಬಿಟ್ಟುಹೋಯಿತು.

ನನ್ನ ಅಕ್ಕನ ಮಗ ಫ್ಯಾಕ್ಟರಿಯೊಂದರಲ್ಲಿ ಸೇಫ್ಟಿ ಆಫೀಸರ್. ಅವನ ಹತ್ತಿರ ಹೇಳಿಕೊಂಡಾಗ ಅವನು ಕೇಳಿದ ಮೊದಲ ಪ್ರಶ್ನೆ: "ಮಾಮ, ಬ್ಯಾಗ್ ಎಷ್ಟು ಭಾರ ಅಂತ ಆಮೇಲೆ ಹೇಳಿ. ಎತ್ತುವಾಗ ಮೈಯಿಂದ ಎಷ್ಟು ದೂರ ಇರುತ್ತೆ?" ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆಯ 1991ರ ಸೂತ್ರವಂತೆ. ಎಲ್ಲ ಅನುಕೂಲವಾಗಿದ್ದರೆ, ಅಂದರೆ ಭಾರ ಮೈಗೆ ಹತ್ತಿರ, ಕೈ ಇಳಿಬಿಟ್ಟಾಗ ಬೆರಳ ಗೆಣ್ಣು ಬರುವ ಮಟ್ಟದಲ್ಲಿ, ಹಿಡಿಯಲು ಹಿಡಿಕೆ ಇದ್ದರೆ, 23 ಕಿಲೋ ಎತ್ತಬಹುದು. ಭಾರ 50 ಸೆಂಟಿಮೀಟರ್ ಮುಂದಿದ್ದರೆ ಅದು ಸೀದಾ ಅರ್ಧವಾಗುತ್ತದೆ, 11.5. ಅದನ್ನೂ ನೆಲದಿಂದ ಎತ್ತಬೇಕಾದರೆ ಸುಮಾರು 9ಕ್ಕೆ ಇಳಿಯುತ್ತದೆ. ಎತ್ತಿ ಪಕ್ಕಕ್ಕೆ ಪೂರ್ತಿ ತಿರುಗಬೇಕಾದರೆ 6 ಕಿಲೋ ಚಿಲ್ಲರೆ. ನಮ್ಮವರು ಮಾಡುತ್ತಿದ್ದದ್ದು ಅದನ್ನೇ: ಬಗ್ಗು, ಮುಂದೆ ಚಾಚು, ಎತ್ತು, ತಿರುಗು. ಬ್ಯಾಗಿಗೆ ಹಿಡಿಕೆ ಬೇರೆ ಇಲ್ಲ. ತೂಕ ಮಾತ್ರ 6 ಕಿಲೋ ಅಲ್ಲವೇ ಅಲ್ಲ!

ಇನ್ನೊಂದು ಮಾತನ್ನೂ ಅವನೇ ಹೇಳಿದ. 2003ರಲ್ಲಿ ಅಮೆರಿಕದ ಅಂಚೆ ಇಲಾಖೆ, ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ, ಮತ್ತು ಅಂಚೆ ನೌಕರರ ಯೂನಿಯನ್‌ಗಳು ಸೇರಿ ಇದೇ ತೊಂದರೆಗೆ ಒಪ್ಪಂದ ಮಾಡಿಕೊಂಡವಂತೆ. ಟಪಾಲು ಕೇಂದ್ರಗಳಲ್ಲಿ ಕೆಲಸಗಾರರನ್ನೂ ಕೂರಿಸಿಕೊಂಡು, ಯಾವ ಕೆಲಸ ಮೈ ಮುರಿಯುತ್ತಿದೆ ಅಂತ ಒಂದೊಂದಾಗಿ ನೋಡಿ ಸರಿಮಾಡುವುದು. ಅಲ್ಲಿ ಯಂತ್ರಗಳಿವೆ, ದುಡ್ಡಿದೆ. ನಮ್ಮಲ್ಲಿ ಇದ್ದದ್ದು ಮನುಷ್ಯರು ಮಾತ್ರ. ಆದರೂ ಯಾರನ್ನು ಕೇಳಬೇಕು ಅನ್ನುವುದು ಎರಡೂ ಕಡೆ ಒಂದೇ ಅಲ್ವಾ?

ಹಾಗಾಗಿ ಐಡಿಯಾ ಕೊಡಿ ಅನ್ನುವುದನ್ನು ಬಿಟ್ಟು, ಎಲ್ಲಿ ನೋವು ಅಂತ ಕೇಳಿದೆ. ಹಳೇ ಚಾರ್ಟಿನ ಹಿಂಬದಿಯಲ್ಲಿ ಒಂದು ಮನುಷ್ಯನ ಆಕಾರ ಬರೆದು ಗೋಡೆಗೆ ಹಚ್ಚಿದೆ. ಗುರುತು ಹಾಕಲು ಏನೂ ಇರಲಿಲ್ಲ. ಮೇಡಂ ಒಬ್ಬರು ಬ್ಯಾಗಿನಿಂದ ಬಿಂದಿ ಪ್ಯಾಕೆಟ್ ತೆಗೆದುಕೊಟ್ಟರು. ಬ್ಯಾಗ್ ಕೆಲಸದಿಂದ ಬಂದ ನೋವಿಗೆ ಕೆಂಪು, ಸಾರ್ಟಿಂಗಿಗೆ ಹಸಿರು, ಸ್ಟಾಂಪಿಂಗಿಗೆ ಕಪ್ಪು. ಮೀಸೆ ಹೊತ್ತ ಗಂಡಸರು ಬೊಟ್ಟು ಕಿತ್ತು ಚಿತ್ರಕ್ಕೆ ಅಂಟಿಸುತ್ತಾ ನಕ್ಕಿದ್ದೇ ನಕ್ಕಿದ್ದು. ಒಂದು ವಾರದಲ್ಲಿ ಸೊಂಟ ಪೂರ್ತಿ ಕೆಂಪಾಯಿತು. ಬಲ ಭುಜದ ಮೇಲೆ ಹಸಿರು ಗೊಂಚಲು.

ಸೊಂಟದ್ದು ಮೊದಲು ಹಿಡಿದೆವು. ಕೆಲಸ ಶುರುವಾಗುವ ಮೊದಲು ಹತ್ತು ನಿಮಿಷ, ಟೀ ಜೊತೆ ಮಾತು. ಎಲ್ಲರೂ ದೊಡ್ಡಣ್ಣ ಅಂತ ಕರೆಯುತ್ತಿದ್ದ ಹಿರಿಯ ಮೇಲ್‌ಮ್ಯಾನ್ ಒಬ್ಬರಿದ್ದರು. ಮಾತು ಕಡಿಮೆ. ಅವರು ಕೇಳಿದರು: "ಸರ್, ಎಪಿಎಂಸಿಯಲ್ಲಿ ಹಮಾಲರನ್ನ ನೋಡಿದ್ದೀರಾ? ಜೋಳದ ಚೀಲ ಒಬ್ಬನೇ ನೆಲದಿಂದ ಎತ್ತಿಕೊಳ್ಳಲ್ಲ. ಲಾರಿಯಿಂದ ಸೀದಾ ಬೆನ್ನಿಗೆ. ನಾವು ಯಾಕೆ ಬ್ಯಾಗನ್ನ ನೆಲಕ್ಕೆ ಹಾಕ್ತೀವಿ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ಒಬ್ಬ ಹುಡುಗ ಹೇಳಿದ: ಟ್ರಾಲಿ ವಾಪಸ್ ಬೇಕಲ್ಲ, ಅದಕ್ಕೆ. ನಿಜ. ಓಡುವ ಟ್ರಾಲಿ ಇದ್ದದ್ದು ಎರಡೇ. ಮುಂದಿನ ಗಾಡಿಗೆ ಅದೇ ಬೇಕು. ಹಾಗಾಗಿ ಬ್ಯಾಗುಗಳನ್ನು ನೆಲಕ್ಕೆ ಸುರಿದು ಟ್ರಾಲಿ ಓಡಿಸಿಕೊಂಡು ಹೋಗುವುದು. ಆಮೇಲೆ ಓಪನಿಂಗ್ ಟೇಬಲ್ಲಿನವರು ಒಂದೊಂದನ್ನೇ ನೆಲದಿಂದ ಎತ್ತುವುದು. ಉಳಿದ ನಾಲ್ಕು ಟ್ರಾಲಿ ಶೆಡ್ಡಿನಲ್ಲಿ ಬಿದ್ದಿದ್ದವು. ಯಾಕೆ? ಚಕ್ರ ತಿರುಗಲ್ಲ.

ದೊಡ್ಡಣ್ಣ ಮರುದಿನ ಒಂದು ಟ್ರಾಲಿಯನ್ನು ಮಗುಚಿ ಹಾಕಿ, ಹಳೇ ಬ್ಲೇಡ್ ಹಿಡಿದು ಕುಳಿತರು. ಚಕ್ರಕ್ಕೂ ಅದನ್ನು ಹಿಡಿದ ಕವೆಗೂ ನಡುವೆ ಟ್ವೈನ್ ದಾರ ಸುತ್ತಿಕೊಂಡು ಕಲ್ಲಾಗಿತ್ತು. ಬಂಡಲು ಬಿಚ್ಚಿದಾಗ ನಾವೇ ನೆಲಕ್ಕೆ ಎಸೆಯುವ ದಾರ. ಕೂದಲು, ಧೂಳು, ಅರಗಿನ ಚೂರು ಎಲ್ಲ ಸೇರಿ ಕಪ್ಪು ಹಗ್ಗದ ಹಾಗೆ. ಕೊಯ್ದು ಎಳೆದರೆ ಒಂದೊಂದು ಚಕ್ರದಿಂದ ಒಂದು ಹಿಡಿ. ಎರಡು ಹನಿ ಎಣ್ಣೆ ಬಿಟ್ಟು ಬೆರಳಲ್ಲಿ ತಿರುಗಿಸಿದರು. ಚಕ್ರ ತಿರುಗುತ್ತಲೇ ಇತ್ತು. ಸುತ್ತ ನಿಂತವರು ಯಾರೂ ಮಾತಾಡಲಿಲ್ಲ. ವರ್ಷಗಟ್ಟಲೆ ನಾವು ಸೊಂಟಕ್ಕೆ ಬಾಮ್ ಹಚ್ಚಿಕೊಂಡಿದ್ದೆವು. ರೋಗ ಇದ್ದದ್ದು ಚಕ್ರದಲ್ಲಿ.

ನಾಲ್ಕರಲ್ಲಿ ಮೂರು ಟ್ರಾಲಿ ಹೀಗೆ ಎದ್ದು ನಿಂತವು. ಈಗ ಬ್ಯಾಗ್ ನೆಲ ಮುಟ್ಟುವುದಿಲ್ಲ. ಟ್ರಾಲಿಯನ್ನೇ ಟೇಬಲ್ ಪಕ್ಕ ತಂದು ನಿಲ್ಲಿಸಿ, ಬ್ಯಾಗನ್ನು ಮೈಗೆ ಒತ್ತಿಕೊಂಡು ಜಾರಿಸುವುದು. ಟೇಬಲ್ಲಿನ ಕಾಲಿಗೆ ಒಂದು ಡಬ್ಬ ಕಟ್ಟಿದೆವು, ದಾರ ಅದಕ್ಕೇ ಹಾಕಬೇಕು. ಈ ಡಬ್ಬ ಮಾತ್ರ ದಿನಾ ತುಂಬುತ್ತದೆ.

ಇನ್ನು ಹಸಿರು ಬೊಟ್ಟು. ಸಾರ್ಟಿಂಗ್ ಕೇಸ್ ನೋಡದವರಿಗೆ ಹೇಳುವುದಾದರೆ, ಗೋಡೆಯಷ್ಟು ಎತ್ತರದ ಗೂಡುಗಳ ಕಪಾಟು. ನಮ್ಮ ಕೇಸಿನಲ್ಲಿ ಗೂಡುಗಳಿಗೆ ಪಿನ್ ಕೋಡ್ ಅಂಕಿಯ ಸರದಿಯಲ್ಲೇ ಲೇಬಲ್ ಇತ್ತು. 1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ಬಂದಾಗ ಕರ್ನಾಟಕಕ್ಕೆ 56ರಿಂದ 59 ಸಿಕ್ಕಿತು. ಅಂದರೆ ಮೊದಲ ಗೂಡು 560, ಬೆಂಗಳೂರು. ಎಲ್ಲಕ್ಕಿಂತ ಮೇಲೆ, ಮೂಲೆಯಲ್ಲಿ. ಎಲ್ಲಕ್ಕಿಂತ ಜಾಸ್ತಿ ಟಪಾಲು ಹೋಗುವುದೂ ಅಲ್ಲಿಗೇ! ಒಂದು ಸೆಟ್‌ನಲ್ಲಿ ಕೈ ಎಷ್ಟು ಸಲ ತಲೆಯ ಮೇಲೆ ಹೋಗುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ. ಬಿಂದಿ ಕೊಟ್ಟ ಮೇಡಮ್ಮೇ ಇದನ್ನು ಹಿಡಿದದ್ದು. ಅವರು ಐದಡಿ ಇಲ್ಲ. "ಸರ್, ಮನೆಯಲ್ಲಿ ಸಾಸಿವೆ ಡಬ್ಬನ ಯಾರಾದರೂ ಅಟ್ಟದ ಮೇಲೆ ಇಡ್ತಾರಾ?" ಅಂದರು.

560ನ್ನು ಎದೆ ಮಟ್ಟಕ್ಕೆ, ನಡುವೆ ತಂದೆವು. ಅದರ ಸುತ್ತ ಹೆಚ್ಚು ಓಡುವ ಊರುಗಳು. ತಿಂಗಳಿಗೆ ನಾಲ್ಕು ಕಾಗದ ಬರುವ ಗೂಡುಗಳು ಮೇಲಕ್ಕೆ, ಕೆಳಕ್ಕೆ ಹೋದವು. ಮೇಲಿನವರ ಒಪ್ಪಿಗೆ ತರಲು ಹಿಡಿದ ಸಮಯದ ಬಗ್ಗೆ ಸುಮ್ನೆ ಇರುವುದೇ ವಾಸಿ. ಮೊದಲ ಎರಡು ವಾರ ರಾದ್ಧಾಂತ. ಹಳಬರ ಕೈ ಕಣ್ಣು ಮುಚ್ಚಿ ಹಳೇ ಗೂಡಿಗೇ ಹೋಗುತ್ತಿತ್ತು. ಮಂಗಳೂರಿನ ಕಾಗದ ಬೀದರಿಗೆ ಹೊರಟಿದ್ದೂ ಇದೆ, ನಾನೇ ಹಿಡಿದೆ. ಲೇಬಲ್ಲಿಗೆ ಬಣ್ಣ ಹಚ್ಚಿದ ಮೇಲೆ ಸರಿಹೋಯಿತು.

ಎಲ್ಲವೂ ಹೀಗೆ ಗೆದ್ದಿತು ಅಂದುಕೊಳ್ಳಬೇಡಿ. ಸೊಂಟಕ್ಕೆ ಬೆಲ್ಟ್ ಕೊಡಿಸಿ ಅಂತ ಹಲವರು ಹೇಳಿದರು, ಕೊಡಿಸಿದೆ. ಬೆವರಿಗೆ ತುರಿಕೆ ಅಂತ ತಿಂಗಳೊಳಗೆ ಗೂಟಕ್ಕೆ ನೇತುಹಾಕಿದರು. ಗಾಯವಾಗದವರನ್ನು ಬೆಲ್ಟ್ ಕಾಪಾಡುತ್ತದೆ ಅನ್ನಲು ಆಧಾರ ಇಲ್ಲ ಅಂತ ನಯೋಶ್ 1994ರಲ್ಲೇ ಹೇಳಿತ್ತಂತೆ. ಅಕ್ಕನ ಮಗ ಇದನ್ನು ದುಡ್ಡು ಕೊಟ್ಟಾದ ಮೇಲೆ ಹೇಳಿದ.

ಬ್ಯಾಗ್ ಸ್ಟ್ಯಾಂಡಿಗೆ ಕೆಂಪು ಟೇಪ್ ಸುತ್ತಿದ್ದೂ ಅರ್ಧಂಬರ್ಧ. ಟೇಪಿನ ಮಟ್ಟಕ್ಕೆ ತುಂಬಿದರೆ ಬ್ಯಾಗ್ ಕಟ್ಟಬೇಕು, ಭಾರ ಜಾಸ್ತಿಯಾಗಲ್ಲ ಅನ್ನುವ ಲೆಕ್ಕ. ಬಟ್ಟೆಯ ಪಾರ್ಸೆಲ್ಲಿಗೆ ಸರಿ. ಪುಸ್ತಕ ಬಂದರೆ ಟೇಪಿನ ಅರ್ಧಕ್ಕೇ ಬ್ಯಾಗ್ ಕಲ್ಲಾಗುತ್ತದೆ. ಈಗ ಪುಸ್ತಕಕ್ಕೆ ಕೆಳಗೊಂದು ಬೇರೆ ಟೇಪ್ ಇದೆ. ಬ್ಯಾಗುಗಳ ಸಂಖ್ಯೆ ಏರಿತು, ಸೀಲು, ಲೇಬಲ್ಲು, ಲಿಸ್ಟಿನ ಕೆಲಸವೂ ಏರಿತು. ಸೀಲ್ ಹಾಕುವವರು ಬಂದು ಚಿತ್ರದ ಮಣಿಕಟ್ಟಿಗೆ ಎರಡು ಬೊಟ್ಟು ಅಂಟಿಸಿ ಹೋದರು. ಅವರ ಸಿಟ್ಟೂ ನ್ಯಾಯವೇ. ಇಬ್ಬಿಬ್ಬರು ಪಾಳಿ ಬದಲಿಸಿಕೊಳ್ಳುವ ಹಾಗೆ ಮಾಡಿದೆ. ಸ್ಟಾಂಪಿಂಗಿಗೂ ಅದೇ ಮಾಡಿದೆವು, ಗಂಟೆಗೊಮ್ಮೆ ಆಳು ಬದಲು.

ಸೊಂಟದ ಹೆಸರಲ್ಲಿ ಬರುವ ಮೆಡಿಕಲ್ ಲೀವ್ ಕಡಿಮೆಯಾಗಿದೆ. ಎಲ್ಲ ನಮ್ಮಿಂದಲೇ ಅಂತ ಎದೆ ತಟ್ಟಿಕೊಳ್ಳಲಾರೆ, ಕಾಗದಗಳೂ ಕಡಿಮೆಯಾಗಿವೆ. ಪಾರ್ಸೆಲ್ಲು ಮಾತ್ರ ಹೆಚ್ಚು.

ಹೊಸ ಚಾರ್ಟ್ ಹಚ್ಚಿ ಮತ್ತೆ ಬೊಟ್ಟು ಅಂಟಿಸಿದೆವು. ಸೊಂಟದ ಮೇಲೆ ಆರೇಳು ಉಳಿದಿವೆ, ಎಲ್ಲ ಪ್ಲಾಟ್‌ಫಾರ್ಮ್ ಡ್ಯೂಟಿಯವರದು. ಗಾಡಿ ನಿಲ್ಲುವುದು ಎರಡು ನಿಮಿಷ. ಬೋಗಿಯ ಬಾಗಿಲಿನಿಂದ ಬ್ಯಾಗ್ ಬಂದು ಬೀಳುತ್ತದೆ, ಕೆಳಗಿರುವವರು ಹಿಡಿಯಬೇಕು. ಅಲ್ಲಿ ಟ್ರಾಲಿಯನ್ನು ಬಾಗಿಲಿಗೆ ಸರಿಯಾಗಿ ನಿಲ್ಲಿಸಲು ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗೊತ್ತಿರಬೇಕು. ಟ್ರಾಲಿ ವಾಪಸ್ ಬೇಕಲ್ಲ ಅಂದಿದ್ದ ಆ ಹುಡುಗ ಒಂದು ವಾರದಿಂದ ಸೀಮೆಸುಣ್ಣ ಹಿಡಿದು, ದಿನಾ ಗಾಡಿ ನಿಂತ ಜಾಗಕ್ಕೆ ಗೆರೆ ಎಳೆಯುತ್ತಿದ್ದಾನೆ. ನಿನ್ನೆ ನೋಡಿದೆ, ಐದು ಗೆರೆ ಹತ್ತಿರ ಹತ್ತಿರ ಇವೆ, ಎರಡು ಬಹಳ ದೂರ.