ಒಂದು ಬಚ್ಚಲು, 64 ಮೂಟೆ

ಮನೆ ಕೊಂಡು ಇಪ್ಪತ್ತು ದಿನವೂ ಆಗಿರಲಿಲ್ಲ, ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಗೃಹಪ್ರವೇಶದ ಮಾವಿನ ತೋರಣ ಒಣಗಿ ಇನ್ನೂ ನೇತಾಡುತ್ತಿತ್ತು. ಅವರು ಜಗಳಕ್ಕೆ ಬಂದವರಲ್ಲ. ಮೊಬೈಲ್ ತೆರೆದು ತಮ್ಮ ಬಚ್ಚಲಿನ ಚಾವಣಿಯ ಚಿತ್ರ ತೋರಿಸಿದರು: ಕಾಫಿ ಚೆಲ್ಲಿದಂಥ ಕಲೆ, ಅದರ ಸುತ್ತ ಪೆನ್ಸಿಲಿನ ಗೆರೆ, ಗೆರೆಯ ಪಕ್ಕದಲ್ಲಿ ತಾರೀಖು. ಮೂರು ಗೆರೆ, ಮೂರು ತಾರೀಖು. ಕಲೆ ಮೂರನ್ನೂ ದಾಟಿತ್ತು. ಹಿಂದಿನ ಮಾಲೀಕರಿಗೆ ಎರಡು ವರ್ಷದಿಂದ ಹೇಳುತ್ತಲೇ ಇದ್ದರಂತೆ. ಹಿಂದಿನ ಮಾಲೀಕರು ನಮಗೆ ಹೇಳಿದ್ದು, ಬಚ್ಚಲಿಗೆ ಹೊಸದಾಗಿ ಬಣ್ಣ ಹೊಡೆಸಿದ್ದೇವೆ ಎಂದಷ್ಟೇ.

ನಮ್ಮದು ಬೆಂಗಳೂರಿನ ಬನಶಂಕರಿಯಲ್ಲಿ ಎರಡನೇ ಮಹಡಿ. ಇಪ್ಪತ್ತು ವರ್ಷದ ಕಟ್ಟಡ, ಲಿಫ್ಟ್ ಇಲ್ಲ. ಬಚ್ಚಲು ಏಳು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಮೂವರು ಗುತ್ತಿಗೆದಾರರನ್ನು ಕರೆಸಿದೆ. ಟೈಲ್ಸ್ ಬಗ್ಗೆ, ಗಾಜಿನ ತಡಿಕೆಯ ಬಗ್ಗೆ ಮೂವರಿಗೂ ಬಹಳ ಉತ್ಸಾಹ. ನೀರು ಇಳಿಯದಂತೆ ನೆಲದ ಅಡಿಗೆ ಏನು ಮಾಡುತ್ತೀರಿ ಎಂದು ನಾನು ಕೇಳಿದರೆ, "ಕೆಮಿಕಲ್ ಹಾಕುತ್ತೇವೆ ಸರ್" ಎಂದು ನನ್ನ ಗಂಡನ ಮುಖ ನೋಡಿ ಉತ್ತರ. ಯಾವ ಕೆಮಿಕಲ್, ಎಷ್ಟು ಸಲ, ಎಲ್ಲಿಯವರೆಗೆ ಎಂಬುದಕ್ಕೆ ಯಾರ ಬಳಿಯೂ ಮಾತಿರಲಿಲ್ಲ. ಒಬ್ಬರಂತೂ ಹಳೆಯ ಟೈಲ್ಸ್ ಮೇಲೆಯೇ ಹೊಸದನ್ನು ಅಂಟಿಸಿ ನಾಲ್ಕು ದಿನದಲ್ಲಿ ಮುಗಿಸುತ್ತೇನೆ, 1.80 ಲಕ್ಷ ಕೊಡಿ ಎಂದರು. ಗೃಹಸಾಲದ ಮೊದಲ ಕಂತು ಆಗಷ್ಟೇ ಕಟ್ಟಿದ್ದೆ. ದುಡ್ಡಿನ ಸಂಕಟ ಇತ್ತು, ನಿಜ. ಆದರೆ ನನ್ನನ್ನು ಕೆರಳಿಸಿದ್ದು ಆ "ಸರ್". ಕೆಲಸವನ್ನು ನಾನೇ ಮಾಡುವುದೆಂದು ತೀರ್ಮಾನಿಸಿದೆ.

ಕೆಲಸ ಕಲಿತದ್ದು ತಂಗಿ ಕಟ್ಟಿಸುತ್ತಿದ್ದ ಮನೆಯಲ್ಲಿ. ಎರಡು ಶನಿವಾರ ಅಲ್ಲಿನ ಮೇಸ್ತ್ರಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಅವರು ಹತ್ತು ಮಾತಿಗೊಮ್ಮೆ "ವಾಟ" ಎನ್ನುತ್ತಿದ್ದರು. ನೀರು ಹರಿಯಲು ನೆಲಕ್ಕೆ ಕೊಡುವ ಇಳಿಜಾರಿಗೆ ಗಾರೆಯವರ ಮಾತು ಅದು. ಕರಣೆ, ರಸಮಟ್ಟ, ಹಲ್ಲಿನ ಕರಣೆ, ಉಳಿ, ಕನ್ನಡಕ, ಮುಖಕವಚ ಎಲ್ಲವನ್ನೂ ಎಸ್.ಪಿ. ರಸ್ತೆಯ ಆಸುಪಾಸಿನಲ್ಲೇ ಕೊಂಡೆ. ಒಡೆಯುವ ಯಂತ್ರವನ್ನು ದಿನಬಾಡಿಗೆಗೆ ತಂದೆ. ಅಪಾರ್ಟ್‌ಮೆಂಟ್ ಸಂಘದ ನಿಯಮದಂತೆ ಒಡೆಯುವ ಸದ್ದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಮತ್ತೆ ಮೂರರಿಂದ ಐದರವರೆಗೆ ಮಾತ್ರ. ಭಾನುವಾರ ಪೂರ್ತಿ ನಿಷೇಧ. ಉದ್ಯೋಗಕ್ಕೆ ಹೋಗುವವರಿಗೆ ಬಿಡುವಿರುವುದೇ ಭಾನುವಾರ. ಒಂಬತ್ತು ದಿನ ರಜೆ ಹಾಕಿದೆ.

ಸುತ್ತಿಗೆಯ ಹಿಡಿಯಿಂದ ಹಳೆಯ ನೆಲವನ್ನು ತಟ್ಟುತ್ತಾ ಹೋದರೆ ಅರ್ಧಕ್ಕರ್ಧ ಪೊಳ್ಳು ಸದ್ದು. ಟೈಲ್ಸ್ ಎದ್ದ ಮೇಲೆ ಕೆಳಗೆ ಒಂದಡಿ ಆಳದ ಗುಂಡಿ, ಅದರ ತುಂಬ ಇಟ್ಟಿಗೆ ಚೂರು. ನಮ್ಮ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಪೈಪುಗಳನ್ನು ಮರೆಮಾಡಲೆಂದು ಬಚ್ಚಲಿನ ಜಾಗದಲ್ಲಿ ಕಾಂಕ್ರೀಟ್ ಹಲಗೆಯನ್ನು ಹೀಗೆ ತಗ್ಗಿಸಿ ಹಾಕುವುದು ರೂಢಿ. ಟೈಲ್ಸ್ ಸಂದಿಯಿಂದ ಇಳಿದ ನೀರಿಗೆ ಅಲ್ಲಿಂದ ಹೊರಗೆ ದಾರಿಯಿಲ್ಲ. ತೊಟ್ಟಿಯಂತೆ ನಿಲ್ಲುತ್ತದೆ, ನಿಂತು ನಿಂತು ಕಾಂಕ್ರೀಟಿಗೆ ಇಳಿಯುತ್ತದೆ. ನಾನು ಎತ್ತಿದ ಇಟ್ಟಿಗೆ ಚೂರುಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಪಾಳು ಬಾವಿಯ ವಾಸನೆ. ತಳದಲ್ಲಿ ಅಪರಾಧಿಯೂ ಸಿಕ್ಕಿತು: ನೀರು ಹೊರಹೋಗುವ ನೆಲದ ಟ್ರ್ಯಾಪ್ ಮತ್ತು ಪೈಪು ಸೇರುವ ಕಡೆ ಅಂಟು ಹಾಕದೆ ಬರೀ ಸಿಮೆಂಟ್ ಮೆತ್ತಿದ್ದರು. ಅದು ಬಾಯಿ ಬಿಟ್ಟಿತ್ತು.

ತುಮಕೂರಿನ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಬಚ್ಚಲೆಂದರೆ ಹಂಡೆಯ ಒಲೆ, ಒಂದು ಚಪ್ಪಡಿ ಕಲ್ಲು, ಗೋಡೆಯಲ್ಲೊಂದು ತೂತು. ನೀರು ನೇರ ಬಾಳೆಯ ಬುಡಕ್ಕೆ. ಕೆಳಗೆ ಯಾರ ಮನೆಯೂ ಇರಲಿಲ್ಲ.

ಅವಶೇಷ ಒಟ್ಟು 64 ಮೂಟೆ ಆಯಿತು. ಸಿಮೆಂಟ್ ಚೀಲಕ್ಕೆ ಅರ್ಧ ಮಾತ್ರ ತುಂಬಬೇಕು, ಪೂರ್ತಿ ತುಂಬಿದರೆ ಎತ್ತಲಾಗುವುದಿಲ್ಲ ಎಂಬುದು ಮೊದಲ ಮೂಟೆಯಲ್ಲೇ ಗೊತ್ತಾಯಿತು. ಹನ್ನೊಂದನ್ನು ನಾನೇ ಮೆಟ್ಟಿಲಿಳಿಸಿದೆ. ಹನ್ನೆರಡನೆಯದಕ್ಕೆ ಸೊಂಟ ಬೇಡವೆಂದಿತು. ಉಳಿದುದಕ್ಕೆ ಇಬ್ಬರು ಕೂಲಿಯವರನ್ನು ಕರೆದೆ.

ಇನ್ನೆರಡು ಕೆಲಸಗಳಿಗೂ ನಾನು ಕೈ ಹಾಕಲಿಲ್ಲ. ಕೊಳೆನೀರಿನ ಪೈಪನ್ನು ಕಟ್ಟಡದ ಮುಖ್ಯ ಕೊಳವೆಗೆ ಸೇರಿಸಿದವರು ಪ್ಲಂಬರ್. ಅಲ್ಲಿ ತಪ್ಪಿದರೆ ಅನುಭವಿಸುವವರು ಎಲ್ಲ ಮಹಡಿಯವರು. ಗೀಸರಿನ ಪ್ರತ್ಯೇಕ ತಂತಿ, 16 ಆಂಪಿಯರ್ ಸಾಕೆಟ್, ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಲ್ಲವನ್ನೂ ಮಾಡಿದವರು ಪರವಾನಗಿ ಇರುವ ಎಲೆಕ್ಟ್ರಿಷಿಯನ್. ಒದ್ದೆ ಕೈ, ಕರೆಂಟು ಸೇರುವ ಕಡೆ ಉಳಿತಾಯದ ಮಾತೇ ಬೇಡ.

ನಲ್ಲಿಯ ಪೈಪುಗಳನ್ನು ಜೋಡಿಸಿದ್ದು ನಾನೇ. ಬಿಸಿನೀರಿಗೆ ಸಾದಾ ಪಿವಿಸಿ ಸಲ್ಲದು, ಬಿಸಿ ತಾಳುವ ಸಿಪಿವಿಸಿ ಬೇಕು. ತುದಿಗೆ ದ್ರಾವಕ ಅಂಟು ಹಚ್ಚಿ, ಒಳಗೆ ತಳ್ಳುವಾಗ ಕಾಲು ಸುತ್ತು ತಿರುಗಿಸಿ, ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಅಳತೆಗೆಂದು ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ನೋಡಿದ್ದೆ, ಆಮೇಲೆ ಒಂದೊಂದಾಗಿ ಬಿಚ್ಚಿ ಅಂಟಿಸಿದೆ. ಗೋಡೆ ಮುಚ್ಚುವ ಮೊದಲು ಬಾಡಿಗೆಗೆ ತಂದ ಕೈಪಂಪಿನಿಂದ ಒತ್ತಡ ಕೊಟ್ಟಾಗ ಮಾಪಕದ ಮುಳ್ಳು ಏರಿತು, ನಿಂತಿತು, ನನ್ನ ಕಣ್ಣೆದುರೇ ಇಳಿಯಿತು. ಷವರಿನ ಹಿಂದಿನ ಒಂದು ಮೊಣಕೈ ಜೋಡಣೆಯನ್ನು ಬಿಚ್ಚಲು, ಅಂಟಿಸಲು ಮರೆತೇಬಿಟ್ಟಿದ್ದೆ. ಬಿಗಿಯಾಗಿಯೇ ಕೂತಿತ್ತು, ಕೈಯಲ್ಲಿ ಜಗ್ಗಿದರೂ ಬರುತ್ತಿರಲಿಲ್ಲ. ಗಾರೆ ಮುಚ್ಚಿದ್ದರೆ ಕೆಳಗಿನವರ ಪೆನ್ಸಿಲಿಗೆ ನಾಲ್ಕನೇ ಗೆರೆಯ ಕೆಲಸ ಸಿಗುತ್ತಿತ್ತು.

ಇನ್ನು ಆ "ಕೆಮಿಕಲ್". ಅದು ಒಂದು ಡಬ್ಬಿ ಪಾಲಿಮರ್ ದ್ರವ, ಒಂದು ಚೀಲ ಸಿಮೆಂಟಿನ ಪುಡಿ. ಎರಡನ್ನೂ ಕಲಸಿ ಕುಂಚದಲ್ಲಿ ಬಳಿಯುವುದು. ನಿಜವಾದ ಕೆಲಸ ಇರುವುದು ಅದಕ್ಕೂ ಮುಂಚೆ. ನೆಲವೂ ಗೋಡೆಯೂ ಸೇರುವ ಮೂಲೆಯ ಸಂದಿಗೆ ಗಾರೆ ತುಂಬಿ ಬೆರಳಾಡಿಸಿದಂತೆ ಗುಂಡಗೆ ಮಾಡಬೇಕು, ಪೈಪು ಹೊರಬರುವ ಕಡೆ ಸಂಕುಚಿಸದ ಗಾರೆ ತುಂಬಬೇಕು, ಮೂಲೆಗುಂಟ ನಾರಿನ ಜಾಲರಿ ಕೂರಿಸಬೇಕು. ಮೊದಲ ಲೇಪವನ್ನು ಅಡ್ಡಕ್ಕೆ ಬಳಿದೆ. ಮರುದಿನ ಎರಡನೆಯದನ್ನು ಉದ್ದಕ್ಕೆ, ಒಂದರಲ್ಲಿ ಬಿಟ್ಟುಹೋದ ಸೂಜಿಮೊನೆಯಷ್ಟು ತೂತು ಇನ್ನೊಂದರಲ್ಲಿ ಮುಚ್ಚಲೆಂದು. ಗೋಡೆಯ ಮೇಲೆ ಒಂದಡಿ, ಷವರಿನ ಗೋಡೆಗೆ ಆರಡಿ. ಗುಂಡಿಯ ತಳದಿಂದ ಒಂದು ಸಣ್ಣ ಕೊಳವೆಯನ್ನು ಹೊರಗಿನ ಪೈಪುಗಳ ಕಿಂಡಿಗೆ ಬಿಟ್ಟೆ. ಎಂದಾದರೂ ನೀರು ಇಳಿದರೆ ಅಲ್ಲಿ ತೊಟ್ಟಿಕ್ಕಿ ನನಗೆ ಗೊತ್ತಾಗಲಿ, ಕೆಳಗಿನವರಿಗಲ್ಲ.

ಲೇಪ ಒಣಗಿದ ಮೇಲೆ ಪೈಪಿನ ಬಾಯಿಗಳನ್ನು ಮುಚ್ಚಿ ಐದು ಸೆಂಟಿಮೀಟರ್ ನೀರು ನಿಲ್ಲಿಸಿದೆ. ಏಳು ಬಕೆಟ್ ಹಿಡಿಯಿತು, ಸುಮಾರು 145 ಲೀಟರ್. 2024ರ ಬೇಸಿಗೆಯಲ್ಲಿ ಬಾಡಿಗೆ ಮನೆಯಲ್ಲಿ ಟ್ಯಾಂಕರಿಗಾಗಿ ಕಾದ ನೆನಪು ಹಸಿಯಾಗಿತ್ತು. ತೊರೆಕಾಡನಹಳ್ಳಿಯ ಪಂಪ್‌ಹೌಸಿನಿಂದ ಸುಮಾರು ನೂರು ಕಿಲೋಮೀಟರ್ ದೂರ ಏರಿ ಬಂದ ಕಾವೇರಿಯನ್ನು ಹೀಗೆ ಸುಮ್ಮನೆ ನಿಲ್ಲಿಸಲು ಜೀವ ಹಿಂಡಿತು. (ಆಮೇಲೆ ಮೊಗೆದು ಇನ್ನೊಂದು ಶೌಚಾಲಯಕ್ಕೆ ಬಳಸಿದೆವು.) ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದೆ. ಪಕ್ಕದಲ್ಲೇ ಸ್ಟೀಲಿನ ಡಬರಿಯೊಂದರಲ್ಲಿ ನೀರು ತುಂಬಿಟ್ಟು ಅದಕ್ಕೂ ಗೆರೆ. ಆವಿಯಾದದ್ದೆಷ್ಟು, ಸೋರಿದ್ದೆಷ್ಟು ಎಂದು ಹೇಳುವ ಸಾಕ್ಷಿ ಆ ಡಬರಿ. ಕೆಳಗಿನವರು ಬೆಳಿಗ್ಗೆ ಸಂಜೆ ಟಾರ್ಚ್ ಹಿಡಿದು ತಮ್ಮ ಚಾವಣಿ ನೋಡಿ ವರದಿ ಕೊಡುತ್ತಿದ್ದರು. ನಲವತ್ತೆಂಟು ಗಂಟೆಯ ನಂತರ ಬಚ್ಚಲಲ್ಲಿ ಎರಡು ಮಿಲಿಮೀಟರ್ ಇಳಿದಿತ್ತು. ಡಬರಿಯಲ್ಲೂ ಎರಡೇ. ಅವತ್ತು ಅವರ ಮನೆಯಲ್ಲೇ ಕಾಫಿ ಕುಡಿದೆ.

ಗುಂಡಿಗೆ ಈ ಸಲ ಹಗುರವಾದ ಎಎಸಿ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಬ್ಲಾಕ್ ಚೂರು ತುಂಬಿ, ಮೇಲೆ ಗಾರೆ ಎಳೆದು, ಅದರ ಮೇಲೆ ಮತ್ತೆ ಎರಡು ಲೇಪ. ಗೋಡೆಯ ಟೈಲ್ಸ್ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಎರಡನೇ ಸಾಲಿಗೆ ಮಟ್ಟವಾಗಿ ಮರದ ಪಟ್ಟಿ ಹೊಡೆದು ಅಲ್ಲಿಂದ ಮೇಲಕ್ಕೆ ಹೋಗುವುದು, ತಳದ ಸಾಲು ಕೊನೆಗೆ. ಅಂಟನ್ನು ಕಲಸಿ ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು ಎಂದು ಚೀಲದ ಮೇಲೆ ಬರೆದಿದ್ದನ್ನು ಮೊದಲ ದಿನ ಕಡೆಗಣಿಸಿದೆ. ಗಂಟು ಗಂಟಾದ ಅರ್ಧ ಬಕೆಟ್ ಚೆಲ್ಲಿದೆ.

ನಾನು ಮಣ್ಣು ಮುಕ್ಕಿದ್ದು ನೆಲದಲ್ಲಿ. ವಾಟ 80ಕ್ಕೆ 1 ಎಂದು ಲೆಕ್ಕ; ಏಳಡಿಗೆ ಎರಡೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು. ದಾರ ಕಟ್ಟಿ, ರಸಮಟ್ಟ ಇಟ್ಟು, ಒಂದಡಿಯ ಜಾರದ ಟೈಲ್ಸ್ ಹಾಸಿದೆ. ಚೆನ್ನಾಗಿಯೇ ಕಂಡಿತು. ಮರುದಿನ ಬೆಳಿಗ್ಗೆ ಬಾಗಿಲ ಬಳಿ ನಿಂತು ಒಂದು ಚೊಂಬು ನೀರು ಹಾಕಿದೆ. ನೀರು ಮೂಲೆಯಲ್ಲಿ ಟ್ರ್ಯಾಪಿನ ಬಾಯಿಗಿಟ್ಟ ಜಾಲರಿಯವರೆಗೆ ಸರಾಗವಾಗಿ ಹೋಯಿತು. ಅಲ್ಲಿ, ಹೊಸ್ತಿಲವರೆಗೆ ಬಂದು ಯಾರೂ ಒಳಗೆ ಕರೆಯದ ನೆಂಟರಂತೆ ಸುತ್ತಲೂ ನಿಂತುಬಿಟ್ಟಿತು. ಟೈಲ್ಸಿಗಿಂತ ಜಾಲರಿ ಮೂರು ಮಿಲಿಮೀಟರ್ ಎತ್ತರ. ಟ್ರ್ಯಾಪಿನ ಮಟ್ಟವನ್ನು ಗುರುತಿಸುವಾಗ ಟೈಲ್ಸ್ ದಪ್ಪವನ್ನು ಕೂಡಿಸಿದ್ದೆ, ಅಂಟಿನ ದಪ್ಪವನ್ನೂ ಕೂಡಿಸಿದ್ದೆ, ಆದರೆ ಜಾಲರಿಯ ಚೌಕಟ್ಟನ್ನು ಕಳೆದಿರಲಿಲ್ಲ. ದಿನವಿಡೀ ಬ್ಯಾಂಕಿನ ಲೆಕ್ಕ ತಾಳೆ ನೋಡುವ ನಾನು ಮಾಡಿದ ತಪ್ಪು ಅದು. ಸುತ್ತಲಿನ ನಾಲ್ಕು ಟೈಲ್ಸ್ ಎಬ್ಬಿಸಿದೆ, ಎರಡು ಒಡೆದವು, ಉಳಿ ತಗುಲಿ ಕೆಳಗಿನ ಲೇಪವೂ ಗೀರಿತು. ಗೀರಿದಲ್ಲಿ ಜಾಲರಿ ಬಟ್ಟೆ ಇಟ್ಟು ಮತ್ತೆರಡು ಲೇಪ, ಮತ್ತೆ ಒಣಗುವ ಕಾಯುವಿಕೆ, ಮತ್ತೆ ಹಾಸುವುದು. ಗಂಡ ಏನೂ ಹೇಳಲಿಲ್ಲ. ಹೇಳದೇ ಇರಲು ಬಹಳ ಶ್ರಮಪಟ್ಟದ್ದು ಮಾತ್ರ ಕಾಣುತ್ತಿತ್ತು.

ಸಂದಿಗಳಿಗೆ ಎಪಾಕ್ಸಿ ತುಂಬಿದೆ. ದುಬಾರಿ, ಕೈಗೆ ಮೆತ್ತಿದರೆ ಬಿಡುವುದಿಲ್ಲ, ಆದರೆ ಕೊಳವೆಬಾವಿಯ ಗಡಸು ನೀರೂ ಬೀಳುವ ನೆಲಕ್ಕೆ ಸಾದಾ ಸಿಮೆಂಟ್ ಸಂದಿ ಬಾಳುವುದಿಲ್ಲ ಎಂಬುದನ್ನು ಹಳೆಯ ನೆಲವೇ ತೋರಿಸಿತ್ತು. ಕೂಲಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಒಡೆದ ಎರಡು ಟೈಲ್ಸ್ ಎಲ್ಲ ಸೇರಿ 97,000 ರೂಪಾಯಿ. ಮೊದಲ ಮೂಟೆಯಿಂದ ಮೊದಲ ಸ್ನಾನಕ್ಕೆ 41 ದಿನ.

ಒಂದು ಮಳೆಗಾಲ ಕಳೆದಿದೆ. ಕೆಳಗಿನವರ ಚಾವಣಿಯ ಕಲೆ ಒಣಗಿ ಹಳದಿಯಾಗಿದೆ. ಬಣ್ಣ ಹೊಡೆಸಿ, ಖರ್ಚು ನನ್ನದು ಎಂದೆ. ಇನ್ನೊಂದು ಮಳೆಗಾಲ ನೋಡೋಣ ಎಂದರು, ಪೆನ್ಸಿಲಿನ ಗೆರೆ ಅಳಿಸಿಲ್ಲ. ನನ್ನ ಬಚ್ಚಲಿನ ಬಾಗಿಲ ಹಿಂದೆ, ನಾಲ್ಕನೇ ಟೈಲ್ಸ್ ಮೂಲೆಯಲ್ಲಿ ಒಂದು ಚಮಚದಷ್ಟು ನೀರು ಇವತ್ತಿಗೂ ನಿಲ್ಲುತ್ತದೆ. ವೈಪರನ್ನು ಅಲ್ಲೇ ಗೋಡೆಗೆ ನೇತುಹಾಕಿದ್ದೇನೆ.