ಎಡಗಾಲು ಎಲ್ಲಿಡಬೇಕು

ಶಾಲೆಯ ಸೈನಿಕ ತರಬೇತಿಗೆ ಸಿದ್ಧಪಡಿಸಲೆಂದು ಮೊದಲ ವರ್ಷ ನಾನು ವಿದೇಶಿ ಮಕ್ಕಳಿಗೆ ಹೇಳಿಕೊಟ್ಟ ಕವಾಯತಿನಲ್ಲಿ ಅರ್ಧ ತಪ್ಪಿತ್ತು. ಹಾಸನದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿದ್ದೆ. ಸಾವಧಾನ್, ವಿಶ್ರಾಮ್ ಎಲ್ಲ ದೇಶದಲ್ಲೂ ಒಂದೇ ಎಂದು ನಂಬಿದ್ದೆ.

ಈಗ ನಾನಿರುವುದು ಚೀನಾದ ಜೆಜಿಯಾಂಗ್ ಪ್ರಾಂತ್ಯದ ಶಾವ್‌ಶಿಂಗ್‌ನಲ್ಲಿ. ಈ ಊರಿನ ಕೆಚಿಯಾವ್ ಭಾಗ ಬಟ್ಟೆಯ ಸಗಟು ವ್ಯಾಪಾರಕ್ಕೆ ಹೆಸರಾದದ್ದು. ಅಲ್ಲಿಗೆ ಬಂದು ನೆಲೆಸಿದ ಭಾರತ, ಪಾಕಿಸ್ತಾನ, ಕೊರಿಯಾದ ವ್ಯಾಪಾರಿಗಳ ಮಕ್ಕಳು ಕೆಲವರು ನಾನು ಭೌತಶಾಸ್ತ್ರ ಕಲಿಸುವ ಹೈಸ್ಕೂಲಿಗೆ ಸೇರುತ್ತಾರೆ. ಸೆಪ್ಟೆಂಬರ್ 1ಕ್ಕೆ ಪಾಠ ಶುರು. ಅದಕ್ಕೂ ಮುಂಚೆ, ಆಗಸ್ಟ್ ಕೊನೆಯ ಧಗೆಯಲ್ಲಿ, ಹೊಸ ವಿದ್ಯಾರ್ಥಿಗಳಿಗೆಲ್ಲ ಒಂದು ವಾರ ‘ಜುನ್‌ಶುನ್’, ಅಂದರೆ ಸೈನಿಕ ತರಬೇತಿ. ಕಾನೂನಿನಲ್ಲಿ ಇದು ಚೀನೀ ಪ್ರಜೆಗಳಿಗೆ ಹೇಳಿದ್ದು. ವಿದೇಶಿ ಮಕ್ಕಳನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಒಂದೊಂದು ಶಾಲೆಯದು ಒಂದೊಂದು ರೀತಿ. ನಮ್ಮಲ್ಲಿ ಇಷ್ಟವಿದ್ದವರು ಸೇರಬಹುದು. ಬಹುತೇಕ ಎಲ್ಲರೂ ಸೇರುತ್ತಾರೆ. ಆ ವಾರ ಹೊರಗುಳಿದವನಿಗೆ ಇಡೀ ವರ್ಷ ಗೆಳೆಯರು ಸಿಗುವುದು ಕಷ್ಟ ಎಂಬುದು ಅವರಿಗೂ ಗೊತ್ತು.

ಆ ಮೊದಲ ವರ್ಷ, ತರಬೇತಿಯ ಮೊದಲ ದಿನ, ಮೈದಾನದಲ್ಲಿ ತರಬೇತುದಾರ ‘ಶಾವ್‌ಶೀ’ ಎಂದ. ವಿಶ್ರಾಮ್ ಎಂದರ್ಥ. ನನ್ನ ಒಂಬತ್ತು ಮಕ್ಕಳೂ ಎಡಗಾಲನ್ನು ಪಕ್ಕಕ್ಕೆ ಹಾಕಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಾಸನದ ಕೆಡೆಟ್‌ಗಳ ಹಾಗೆ ಅಚ್ಚುಕಟ್ಟಾಗಿ ನಿಂತರು. ಉಳಿದ ನಲವತ್ತು ಮಕ್ಕಳ ಎಡಗಾಲು ಮುಂದಕ್ಕೆ ಜಾರಿತ್ತು. ಚೀನೀ ಪದ್ಧತಿಯಲ್ಲಿ ಎಡಪಾದವನ್ನು ಅದರ ಬೆರಳು ತೋರಿಸುವ ದಿಕ್ಕಿಗೇ ಪಾದದ ಮೂರರಲ್ಲಿ ಎರಡು ಭಾಗದಷ್ಟು ಮುಂದೆ ಚಾಚಬೇಕು. ಭಾರವೆಲ್ಲ ಬಲಗಾಲಿನ ಮೇಲೆ, ಕೈ ಪಕ್ಕದಲ್ಲೇ. ‘ಲಿಜೆಂಗ್’ ಎಂಬ ಅವರ ಸಾವಧಾನದಲ್ಲೂ ನಮ್ಮಂತೆ ಮುಷ್ಟಿ ಕಟ್ಟುವುದಿಲ್ಲ. ಬೆರಳುಗಳು ಸಹಜವಾಗಿ ತುಸು ಬಾಗಿ ಕೂಡಿರಬೇಕು, ನಡುಬೆರಳು ಪ್ಯಾಂಟಿನ ಹೊಲಿಗೆಯ ಮೇಲೆ, ಪಾದಗಳ ನಡುವೆ ಸುಮಾರು 60 ಡಿಗ್ರಿ. ತರಬೇತುದಾರ ಬೈಯಲಿಲ್ಲ, ನಕ್ಕ. ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರುವರ್ಷದಿಂದ ತರಬೇತಿಗೆ ಹತ್ತು ದಿನ ಮುಂಚೆಯೇ ಮಕ್ಕಳನ್ನು ಕರೆಸಿಕೊಳ್ಳುತ್ತಿದ್ದೇನೆ. ಓಡಿಸುವುದಿಲ್ಲ, ದಂಡ ಹೊಡೆಸುವುದಿಲ್ಲ. ಹದಿನೈದರ ಹುಡುಗರಿಗೆ ಮೈಯಲ್ಲಿ ಬೇಕಾದಷ್ಟು ಕಸುವಿರುತ್ತದೆ, ಪಳಗಬೇಕಾದದ್ದು ಕಿವಿ. ‘ಲಿಜೆಂಗ್’ ಎಂದರೆ ಸಾವಧಾನ್, ‘ಲಿಡಿಂಗ್’ ಎಂದರೆ ನಡೆಯುವವರು ನಿಲ್ಲಬೇಕು. ತರಗತಿಯಲ್ಲಿ ನಿಧಾನವಾಗಿ ಹೇಳಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಬಿಸಿಲಿನಲ್ಲಿ, ಗಂಟಲು ಕಟ್ಟಿದ ತರಬೇತುದಾರ ಕಿರುಚಿದಾಗ ಎರಡೂ ಒಂದೇ ಕೂಗು. ಹಾಗಾಗಿ ಊರ ಕಡೆಯ ಉಚ್ಚಾರಣೆಯಿರುವ ನಮ್ಮ ಶಾಲೆಯ ಕಾವಲುಗಾರರೊಬ್ಬರಿಂದ ಆಜ್ಞೆಗಳನ್ನೆಲ್ಲ ಕೂಗಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರೂ ಒಂದು ಕಾಲದಲ್ಲಿ ಸೈನ್ಯದಲ್ಲಿದ್ದವರು. ಮೊಬೈಲ್ ಮುಂದೆ ಹಿಡಿದೊಡನೆ ಬೆನ್ನು ನೆಟ್ಟಗಾಯಿತು. ಮಕ್ಕಳು ಕಣ್ಣು ಮುಚ್ಚಿಕೊಂಡು ಅದನ್ನು ಕೇಳಿ ಮಾಡುತ್ತಾರೆ. ಕಣ್ಣು ತೆರೆದಿದ್ದರೆ ಪಕ್ಕದವನನ್ನು ನೋಡಿ ಕಾಲು ಹಾಕುತ್ತಾರೆ, ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು ಪದ ‘ಬಾವ್‌ಗಾವ್’. ವರದಿ ಎಂದರ್ಥ, ಆದರೆ ಬಳಕೆ ಅಪ್ಪಣೆ ಕೇಳುವುದಕ್ಕೆ. ಸಾಲಿನಲ್ಲಿ ಮೂಗು ತುರಿಸಿಕೊಳ್ಳುವುದಕ್ಕೂ ಇದನ್ನು ಕೂಗಬೇಕು. ಅರ್ಧ ಗಂಟೆ ಅಲುಗಾಡದೆ ನಿಲ್ಲಿಸುವಾಗ ನಮ್ಮ ಮಕ್ಕಳು ತಲೆ ಸುತ್ತಿದರೂ ಬಾಯಿ ಬಿಡುವುದಿಲ್ಲ. ವಿದೇಶಿಯರು ಮೆತ್ತಗಿನವರು ಎನಿಸಿಕೊಳ್ಳಬಾರದೆಂಬ ಹಟ. ಒಬ್ಬ ಹುಡುಗಿ ಹಾಗೆಯೇ ಮುಂದಿನವಳ ಬೆನ್ನಿನ ಮೇಲೆ ಕುಸಿದಿದ್ದಳು. ಆಮೇಲೆ ನಾನು ಅವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಕಟ್ಟಡದ ಆಚೆ ತುದಿಗೆ ಕೇಳುವಂತೆ “ಬಾವ್‌ಗಾವ್! ತೋವ್ ಯುನ್!” ಎಂದು ಕೂಗಿಸುತ್ತೇನೆ. ತಲೆ ಸುತ್ತುತ್ತಿದೆ ಎಂದರ್ಥ. ಮೊದಮೊದಲು ನಾಚಿಕೊಂಡು ಗೊಣಗುತ್ತಾರೆ. ಕೂಗು ಗಟ್ಟಿಯಾಗುವವರೆಗೆ ತಿಂಡಿಗೆ ಬಿಡುವುದಿಲ್ಲ. ಮಂಡಿಯನ್ನು ಬಿಗಿಯಾಗಿ ಲಾಕ್ ಮಾಡಬೇಡಿ, ಶೂ ಒಳಗೆ ಕಾಲ್ಬೆರಳು ಆಡಿಸುತ್ತಿರಿ ಎಂದೂ ಹೇಳಿಕೊಡುತ್ತೇನೆ. ಹೊರಗಿನವರಿಗೆ ಅದು ಕಾಣುವುದಿಲ್ಲ.

ಬಿಸಿಲಿನ ಬಾಧೆಗೆ ಇಲ್ಲಿ ಎಲ್ಲರೂ ಕುಡಿಸುವುದು ‘ಹ್ವೋಶಿಯಾಂಗ್ ಜೆಂಗ್‌ಚಿ’ ಎಂಬ ಗಿಡಮೂಲಿಕೆ ಔಷಧ. ಅದರ ಒಂದು ಬಗೆಯಲ್ಲಿ ಮದ್ಯಸಾರವಿದೆ. ಪಾಕಿಸ್ತಾನದ ಹುಡುಗನೊಬ್ಬನ ತಾಯಿ ವಿಚಾರಿಸುವವರೆಗೆ ನನಗೂ ಹೊಳೆದಿರಲಿಲ್ಲ. ಮದ್ಯಸಾರವಿಲ್ಲದ್ದೂ ಸಿಗುತ್ತದೆ, ಈಗ ಶಾಲೆಯ ನರ್ಸ್ ಹತ್ತಿರ ಅದನ್ನೇ ಇಟ್ಟಿರುತ್ತೇವೆ. ಸಾಯಂಕಾಲ ಕ್ಯಾಂಟೀನಿನಲ್ಲಿ ಕೊಡುವ ತಣ್ಣನೆಯ ಹೆಸರುಕಾಳಿನ ನೀರಿಗೆ ಮಾತ್ರ ಯಾರ ತಕರಾರೂ ಇಲ್ಲ. ಬೆಲ್ಲ, ಏಲಕ್ಕಿ ಹಾಕಿದ್ದರೆ ನಮ್ಮ ಪಾಯಸಕ್ಕೆ ಹತ್ತಿರ ಬರುತ್ತಿತ್ತು.

ಭಾರತೀಯ ತಂದೆಯರ ಮೊದಲ ಪ್ರಶ್ನೆ, “ಸರ್, ಬಂದೂಕು ಕೊಡುತ್ತಾರಾ?” ನಮ್ಮ ಶಾಲೆಯಲ್ಲಿ ಕೊಡುವುದಿಲ್ಲ. ನಿಲ್ಲುವುದು, ತಿರುಗುವುದು, ನಡೆಯುವುದು, ಹೊದಿಕೆಯನ್ನು ತೋಫು ಇಟ್ಟಿಗೆಯಂತೆ ಮೂಲೆ ಮೂಲೆ ಎದ್ದು ಕಾಣುವ ಹಾಗೆ ಮಡಚುವುದು, ಇಷ್ಟೇ. ಧ್ವಜ ಏರಿಸುವಾಗ ನಮ್ಮ ಮಕ್ಕಳು ಸುಮ್ಮನೆ ನೆಟ್ಟಗೆ ನಿಂತಿದ್ದರೆ ಸಾಕು ಎಂದು ಶಾಲೆಯೊಡನೆ ಮೊದಲೇ ಮಾತಾಡಿಕೊಂಡಿದ್ದೇನೆ. ಕೊರಿಯಾದ ತಂದೆಯರು ಏನೂ ಕೇಳುವುದಿಲ್ಲ. ಅವರೆಲ್ಲ ತಮ್ಮ ದೇಶದ ಕಡ್ಡಾಯ ಸೇನಾಸೇವೆ ಮುಗಿಸಿದವರು. ಒಂದು ವಾರವೆಂದರೆ ಅವರಿಗೆ ನಗು.

ಹೋದ ವರ್ಷದ ತರಬೇತುದಾರ ತುಂಬಾ ಸಂಕೋಚದ ಹುಡುಗ, ಇಪ್ಪತ್ತು ದಾಟಿರಲಿಲ್ಲವೇನೋ. ನಮ್ಮವರಿಗೆ ಅನುಕೂಲವಾಗಲಿ ಎಂದು ರಾತ್ರಿಯೆಲ್ಲ ಕೂತು ಇಂಗ್ಲಿಷ್ ಆಜ್ಞೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮಾರನೆಯ ಬೆಳಿಗ್ಗೆ ಎದೆಯುಬ್ಬಿಸಿ “ರೈಟ್ ಟರ್ನ್!” ಎಂದ. ಇಬ್ಬರು ಬಲಕ್ಕೆ ತಿರುಗಿದರು, ಒಬ್ಬ ಎಡಕ್ಕೆ, ಉಳಿದವರು ಮಿಸುಕಾಡಲಿಲ್ಲ. ಅವನು ನನ್ನ ಕಡೆ ನೋಡಿದ. ನಾನು ಸಾಲಿನ ಹಿಂದಿನಿಂದ “ಬಾವ್‌ಗಾವ್!” ಎಂದು ಕೂಗಿ, ಅಪ್ಪಣೆ ಸಿಕ್ಕ ಮೇಲೆ, ದಯವಿಟ್ಟು ಚೀನೀ ಭಾಷೆಯಲ್ಲೇ ಹೇಳಪ್ಪಾ ಎಂದು ಕೇಳಿಕೊಂಡೆ.